ಮೂರನೆಯ ಪ್ರೂಫು

ಬದಿಯಡ್ಕದ ಮೇಲಿನ ಪೇಟೆ, ಟೈರಿನಂಗಡಿಯ ಬೆನ್ನಿಗೆ
ನಮ್ಮ ಪ್ರೆಸ್ಸು.
ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ,
ಒಂದೇ ಹಾಳೆಯ ಎರಡು ಕೆನ್ನೆ.
ಚುನಾವಣೆ ಬಂತೆಂದರೆ ಎರಡಕ್ಕೂ ಪೌಡರು ಹಚ್ಚುವವನು ನಾನು.

ಮೊದಲು ಬಂದವರು ಮಾಲಿಂಗ ಮಣಿಯಾಣಿಯ ಪಾರ್ಟಿಯವರು.
"ಸೌಹಾರ್ದ ಸಂಗಮ" ಅಂತ ದೊಡ್ಡಕ್ಷರ,
ಕೆಳಗೆ ವೇದಿಕೆಯಲ್ಲಿ ಕೂರುವವರು:
ಒಬ್ಬರು ತಂತ್ರಿಗಳು, ಒಬ್ಬರು ಉಸ್ತಾದರು.
ಮೂರನೆಯ ಸಾಲಿಗೆ ಬರುವಾಗ
ಹೇಳುವವನ ಬಾಯಿ ನಿಂತಿತು,
ನನ್ನ ಬೆರಳು ಕೀಲಿಯ ಮೇಲೆಯೇ ಕಾದವು.

"ಪಾದೆಗುಡ್ಡೆ ಇಗರ್ಜಿಯ ಫಾದರ್ ಇಜಿದೋರ್ ಕುವೆಲ್ಲೊ,
ಹಾಕುವುದಾ, ಬಿಡುವುದಾ?"
"ಕೋರೆಯ ಲಾರಿಗೆ ಅಡ್ಡ ನಿಂತ ಮನುಷ್ಯ ಮಾರಾಯ,
ಬಿಳಿ ನಿಲುವಂಗಿ ಕೆಂಪುಕಲ್ಲಿನ ಧೂಳಿಗೆ
ಕಾವಿಯಾಗುವವರೆಗೆ ನಿಂತವರು.
ಆ ಕೋರೆ ಯಾರದ್ದು? ನಮ್ಮ ಖಜಾಂಚಿಯದ್ದು."
"ಸರಿ. ಇಗರ್ಜಿಯ ಮುನ್ನೂರ ಎಂಬತ್ತು ವೋಟು ಯಾರದ್ದು?"

ಯಾರೋ ಹೊಸ ದಾರಿ ತೆಗೆದರು:
ಗುಡ್ಡದಾಚೆಯ ಔಸೇಪ್ ಅಚ್ಚನನ್ನು ಕರೆಯುವಾ,
ಅದೂ ಬಿಳಿ ಅಂಗಿಯೇ, ಅದೇ ಶಿಲುಬೆಯೇ.
ಬಂದರೆ ಇವರು ಮುನಿಯುತ್ತಾರೆ, ಇವರು ಬಂದರೆ ಅವರು;
ಪೂಜೆಯ ಭಾಷೆಯಲ್ಲೇ ಇಬ್ಬರಿಗೂ ಆಗಿಬರುವುದಿಲ್ಲ.
ಅಚ್ಚು ಹಾಕುವವನಿಗೆ ಯಾವ ಅಚ್ಚನಾದರೇನು
ಅಂತ ನಾನು ನಕ್ಕೆ. ಯಾರೂ ನಗಲಿಲ್ಲ.

ಮೂಲೆಯಲ್ಲಿ ಗ್ರೆಗರಿ ಮೊಂತೇರು, ಬೂತಿನ ಸೆಕ್ರೆಟರಿ,
ಹೆಲ್ಮೆಟ್ಟನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟು ಕೂತಿದ್ದರು.
"ನಿಮ್ಮವರಲ್ಲವಾ, ನೀವೇ ಹೇಳಿ."
ತುಂಬ ಹೊತ್ತಿನ ಮೇಲೆ ಅವರು ಅಂದರು:
"ನಾನು ಅವರ ಹತ್ತಿರ ಪಾಪ ಹೇಳಿಕೊಳ್ಳುವವನು.
ಅವರ ಲೆಕ್ಕವನ್ನು ನಿಮ್ಮ ಹತ್ತಿರ ಹೇಗೆ ಹೇಳಲಿ?"

ಕತ್ತಲಾದ ಮೇಲೆ ಹಿಂಬಾಗಿಲಿನಿಂದ ಇನ್ನೊಂದು ಪಾರ್ಟಿ.
ಇವರದ್ದೂ ಸೌಹಾರ್ದವೇ, ತಾರೀಖು ಮಾತ್ರ ಎರಡು ದಿನ ಮೊದಲು.
ಕೋರೆಯ ವಿರೋಧಿ ನಮ್ಮ ಮಿತ್ರ ಅಂತ ಒಬ್ಬ ಶುರು ಮಾಡಿದ.
"ಬಾರಿನ ವಿರೋಧಿಯೂ ಅವರೇ" ಅಂತ ಇನ್ನೊಬ್ಬ ನೆನಪಿಸಿದ:
ಲೈಸನ್ಸಿಗೆ ಕೈ ಎತ್ತಿದ ನಮ್ಮ ಮೆಂಬರನ ಹೊಸ ಮನೆಗೆ
ಆಶೀರ್ವಾದಕ್ಕೆ ಕರೆದರೆ,
ಮೊದಲು ಬಾರು ಮುಚ್ಚಿಸು, ಮತ್ತೆ ಬಾಗಿಲು ತೆರೆಯುವಾ ಅಂದವರು.

ಹೆಸರು ಹಾಕಿ ಫೋಟೋ ಬಿಡುವಾ.
ಫೋಟೋ ಹಾಕಿ ಹೆಸರು ಬಿಡುವಾ.
ಹದಿನಾರರ ಅಕ್ಷರ ಹನ್ನೆರಡಕ್ಕಿಳಿಯಲಿ.
ತಂತ್ರಿಗಳ ಕೆಳಗೆ ಬೇಡ, ಉಸ್ತಾದರ ಮೇಲೆಯೂ ಬೇಡ.
ಮಲಯಾಳದ ಬದಿಯಲ್ಲಿರಲಿ, ಕನ್ನಡದಲ್ಲಿ ಬೇಡ.
ಅಲ್ಲ, ಕನ್ನಡದಲ್ಲಿರಲಿ.
ಎರಡು ದಿನದಲ್ಲಿ ಎರಡು ಪಾರ್ಟಿಗೆ
ಒಬ್ಬ ಮನುಷ್ಯನನ್ನು ಏಳು ಸಲ ಒಳಗೆ ತಂದೆ,
ಏಳು ಸಲ ಹೊರಗೆ ಹಾಕಿದೆ.

ಬುಧವಾರ ಆ ಮನುಷ್ಯನೇ ಬಂದ.
ಹಳೇ ಸ್ಕೂಟರು, ಕ್ಯಾರಿಯರಿನಲ್ಲಿ ಕಟ್ಟಿದ ಕೊಡೆ.
ತೆನೆಹಬ್ಬಕ್ಕೆ ರಶೀದಿ ಪುಸ್ತಕ ಬೇಕು, ಐವತ್ತು ಹಾಳೆಯದ್ದು ಆರು.
ಮೇಜಿನ ಮೇಲೆ ಮೂರನೆಯ ಪ್ರೂಫು ಬಿಚ್ಚಿಕೊಂಡೇ ಬಿದ್ದಿತ್ತು,
ಕೆಂಪು ಗೀಟು ಎಳೆದ ಅವರ ಹೆಸರು ಮೇಲ್ಮುಖವಾಗಿ.
ಮುಚ್ಚಲು ನನಗೆ ಕೈ ಬರಲಿಲ್ಲ.

ಕನ್ನಡಕ ಏರಿಸಿ ಓದಿದರು.
ನನ್ನ ಪೆನ್ನು ತೆಗೆದುಕೊಂಡು,
ಗೀಟಿನ ಅಡಿಯಲ್ಲಿದ್ದ ಕುವೆಲ್ಲೊ ಎಂಬಲ್ಲಿ
ಬಿಟ್ಟುಹೋದ ಒಂದು ಲ-ಒತ್ತನ್ನು ಜಾಗ್ರತೆಯಿಂದ ಕೂಡಿಸಿದರು.
"ತೆಗೆಯುವುದಾದರೂ ಸರಿಯಾಗಿ ಬರೆದು ತೆಗೆಯಬೇಕು" ಅಂದರು.
ಕೋಪವಿತ್ತೋ ತಮಾಷೆಯೋ, ಈಗಲೂ ನನಗೆ ಗೊತ್ತಿಲ್ಲ.

ಎರಡು ನೋಟೀಸಿನಲ್ಲೂ ಕೊನೆಗೆ ಬಂದದ್ದು ಒಂದೇ ಸಾಲು:
"ಸರ್ವಧರ್ಮದ ಗುರುಗಳು ಉಪಸ್ಥಿತರಿರುವರು."
ಎರಡೂ ಸಭೆಯಲ್ಲಿ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತಂತೆ,
ಕೋರೆಯ ಲಾರಿ ಹೋಗುವಾಗ ಧೂಳು ಅದರ ಮೇಲೂ ಕೂತಿತಂತೆ.

ಪಾರ್ಟಿಗಳ ಬಾಕಿ ಇನ್ನೂ ಪುಸ್ತಕದಲ್ಲಿದೆ.
ಫಾದರ್ ಮಾತ್ರ ಅವತ್ತೇ ಕೊಟ್ಟು ಹೋದರು,
ಕಾಣಿಕೆ ಡಬ್ಬಿಯ ಹತ್ತರ ನೋಟು,
ಒಂದೊಂದನ್ನೂ ಮಡಿಕೆ ಬಿಡಿಸಿ, ಎಣಿಸಿ.